ಸುಪ್ರಭಾ ಸ್ಕೇಟ್ಸ್, ಜಾಂಬಳಿ ನಾಕಾ

ಡೊಂಬಿವಲಿ
ತಾ. 18-11-2024

ಪಪ್ಪನಿಗೆ,

ಈ ಪತ್ರವನ್ನು ಶಂಭಣ್ಣನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಫೋನ್ ಮಾಡಿದರೆ ನಿಮಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧವನ್ನು ನೀವು ಕೇಳಿಸಿಕೊಳ್ಳುವುದಿಲ್ಲ. ಇಲ್ಲಿ ಹುಟ್ಟಿದ ಮಗಳನ್ನು ಹಟ ಹಿಡಿದು ಏಳನೆಯ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಕಳಿಸಿದವರು ನೀವು. ಈಗ ಅದರ ಫಲ ಉಣ್ಣಿ.

ನೀವು ಮನೆ ಬಿಟ್ಟು, ಹೋಟೆಲಿನ ಕೆಲಸದವರಿಗೆಂದು ಬದಲಾಪುರದಲ್ಲಿ ಕೊಂಡಿದ್ದ ಆ ರೂಮಿಗೆ ಹೋಗಿ ಕೂತು ಒಂದೂ ಮುಕ್ಕಾಲು ವರ್ಷವಾಯಿತು. ಹೋಟೆಲಿನ ಶಟರ್ ಎಳೆದೂ ಅಷ್ಟೇ ಕಾಲ. ಮೊನ್ನೆ ಬೀಗ ತೆಗೆಸಿ ಒಳಗೆ ಹೋದೆ. ಅಮ್ಮನ ಫೋಟೋಕ್ಕೆ ಹಾಕಿದ್ದ ಹಾರದಲ್ಲಿ ದಾರ ಮಾತ್ರ ಉಳಿದಿದೆ. ನೀವು ಕೂತು ದುಡ್ಡು ಎಣಿಸುತ್ತಿದ್ದ ಗಲ್ಲೆಯ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು. ಮಾರ್ಬಲ್ ಟೇಬಲುಗಳು ಹಾಗೆಯೇ ಇವೆ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಅಲ್ಲಿ ನಾನು ಸ್ಕೇಟ್‌ಬೋರ್ಡಿನ ಅಂಗಡಿ ತೆರೆಯಬೇಕೆಂದಿದ್ದೇನೆ. ಸೀವುಡ್ಸ್‌ನಲ್ಲಿ ನಮ್ಮ ಹಿತೇಶನ ಜೊತೆ ಮಕ್ಕಳಿಗೆ ಕಲಿಸುತ್ತಿದ್ದ ಮಾನಸಿ ನನ್ನ ಪಾಲುದಾರಳು. ಹಳೇ ಠಾಣೆ ಪೇಟೆಯ ಆ ಗಲ್ಲಿಗಳಲ್ಲಿ ನಡೆಯಲಿಕ್ಕೇ ಜಾಗವಿಲ್ಲ, ಚಕ್ರ ಎಲ್ಲಿ ಓಡುತ್ತದೆ ಎಂದು ನೀವು ಕೇಳುತ್ತೀರಿ. ಸಂಜೆ ತಲಾವ್‌ಪಾಳಿಯ ಕಡೆ ಬಂದು ನೋಡಿ. ವಾಚ್‌ಮನ್ ಬಂದು ಓಡಿಸುವವರೆಗೂ ಕೆರೆಯ ದಂಡೆಯಲ್ಲಿ ಹತ್ತು ಹದಿನೈದು ಮಕ್ಕಳು ಹಲಗೆಯ ಮೇಲೆ ನಿಂತಿರುತ್ತಾರೆ. ಒಂದು ಬೇರಿಂಗ್ ಕೆಟ್ಟರೆ ಆನ್‌ಲೈನಿನಲ್ಲಿ ತರಿಸಿ ವಾರಗಟ್ಟಲೆ ಕಾಯುತ್ತಾರೆ, ಪಾಪ.

ಕಟ್ಟಡದ ಮಾಲಿಕರು ಹೃಷೀಕೇಶರಾವ್ ಮೊದಲು ನಕ್ಕರು. ದೋಸೆ ಬಿಟ್ಟು ಇನ್ನು ಚಕ್ರದ ಹಲಗೆ ಮಾರುತ್ತೀಯಾ ಎಂದರು. ಆಮೇಲೆ ಒಪ್ಪಿದರು. ಪಗಡಿ ಬಾಡಿಗೆಯ ರಸೀದಿ ನಿಮ್ಮ ಹೆಸರಿನಲ್ಲಿದೆ, ವ್ಯಾಪಾರ ಬದಲಿಸಲು ನಿಮ್ಮ ಸಹಿ ಬೇಕು. ಕಾಗದ ಇದರ ಜೊತೆಗಿದೆ. ಸಹಿಗಿಂತ ದೊಡ್ಡದು ಇನ್ನೊಂದಿದೆ. ಯುಗಾದಿಗೆ, ಗುಡಿ ಪಾಡವಾ ದಿನ, ನೀವು ಬಂದು ದೀಪ ಹಚ್ಚಬೇಕು. ನೀವು ಬರದಿದ್ದರೆ ನನಗೆ ಅದು ಅಂಗಡಿ ಅನ್ನಿಸುವುದೇ ಇಲ್ಲ.

ನಿಮ್ಮ ಮಗಳು,
ಅಶ್ಮಿತಾ


ಬದಲಾಪುರ
ತಾ. 2-12-2024

ಮಗಳು ಅಶ್ಮಿತಾಳಿಗೆ,

ಕಾಗದ ತಲುಪಿತು. ಅಕ್ಷರ ಇನ್ನೂ ದುಂಡಗಿದೆ, ಸಂತೋಷ. ಸಂತೋಷ ಅಲ್ಲಿಗೇ ಮುಗಿಯಿತು.

ಆ ಹಲಗೆ ನನ್ನ ಮಗನನ್ನು ತಿಂದಿತು. ಮಾಜಿವಾಡಾದಲ್ಲಿ ಟೆಂಪೋದವನು ಬ್ರೇಕ್ ಹಾಕಿದನೋ ಇಲ್ಲವೋ ಎಂದು ಪೊಲೀಸರು ಬರೆದುಕೊಂಡರು. ಕಾಲಿನ ಅಡಿಯಲ್ಲಿ ಆ ಹಲಗೆ ಇಲ್ಲದಿದ್ದರೆ ಇಪ್ಪತ್ತಮೂರು ವರ್ಷದ ಹುಡುಗ ಭಾನುವಾರ ಹನ್ನೊಂದೂವರೆಗೆ ಹೈವೇಯಲ್ಲಿ ಏಕಿರುತ್ತಿದ್ದ ಎಂದು ಯಾರೂ ಬರೆದುಕೊಳ್ಳಲಿಲ್ಲ.

ಮೂವತ್ತೆಂಟು ವರ್ಷ ಆ ನೆಲದಲ್ಲಿ ನಿಂತು ಜನರ ಹೊಟ್ಟೆ ತುಂಬಿಸಿದ್ದೇನೆ. ಪರೀಕ್ಷೆಗೆ ಹೋಗುವವರು, ಕೋರ್ಟಿಗೆ ಹೋಗುವವರು, ಹೆಣ ಸುಟ್ಟು ಬಂದವರು ಕೂಡ ನಮ್ಮಲ್ಲಿ ಒಂದು ಕಾಫಿ ಕುಡಿದು ಮನೆಗೆ ಹೋದವರು. ಅಲ್ಲಿ ನೀನು ಆ ವಸ್ತುವನ್ನು ಸಾಲಾಗಿ ತೂಗುಹಾಕಿ ಊರ ಮಕ್ಕಳಿಗೆ ಮಾರುತ್ತೀಯಾ? ತಾಯಿ ಹೋದ ಮೇಲೆ ಆ ಹುಡುಗನಿಗೆ ನೀನೇ ತಾಯಿ ಎಂದು ನಾನು ತಿಳಿದಿದ್ದೆ.

ಶಂಭುವಿನ ಹತ್ತಿರ ಅಭಿಪ್ರಾಯ ಕೇಳಿದೆ. ಹೌದು ಎನ್ನುವುದಿಲ್ಲ, ಅಲ್ಲ ಎನ್ನುವುದಿಲ್ಲ. ಮೂವತ್ತು ವರ್ಷ ಸಪ್ಲೈಯರ್ ಆಗಿದ್ದವನು, ಎರಡು ಟೇಬಲನ್ನು ಒಟ್ಟಿಗೆ ನೋಡಿಕೊಳ್ಳುವುದು ಅವನಿಗೆ ಅಭ್ಯಾಸ.

ಸಹಿ ಹಾಕುವುದಿಲ್ಲ. ದೀಪದ ಮಾತು ಇನ್ನು ಎತ್ತಬೇಡ.

ಇತಿ,
ಎನ್. ಜಯಶೀಲ ಶೆಟ್ಟಿ


ಡೊಂಬಿವಲಿ
ತಾ. 15-12-2024

ಪಪ್ಪನಿಗೆ,

ಇನಿಶಿಯಲ್ ಸಮೇತ ಹೆಸರು ಬರೆದಿದ್ದೀರಿ. ನಾನೇನು ಬ್ಯಾಂಕಿನವಳೇ?

ಮೊನ್ನೆ ಹನ್ನೊಂದಕ್ಕೆ ಅವನು ಹೋಗಿ ಎರಡು ವರ್ಷವಾಯಿತು. ನೀವು ಬರುತ್ತೀರಿ ಎಂದು ಎರಡು ಲೋಟ ಅಕ್ಕಿ ಹೆಚ್ಚು ಹಾಕಿದ್ದೆ.

ಹಲಗೆಯ ಮೇಲೆ ನನಗೂ ಸಿಟ್ಟಿತ್ತು ಪಪ್ಪ. ನನ್ನ ಆಫೀಸು ಮಾಜಿವಾಡಾದಲ್ಲೇ ಇರುವುದು ನಿಮಗೆ ಮರೆತುಹೋಯಿತೋ ಏನೋ. ದಿನಾ ಅದೇ ಸಿಗ್ನಲ್ಲಿನಲ್ಲಿ ಬಸ್ಸಿಳಿಯುತ್ತೇನೆ. ಮೊದಲ ಆರು ತಿಂಗಳು ಕಣ್ಣು ಮುಚ್ಚಿಕೊಂಡು ರಸ್ತೆ ದಾಟಿದೆ. ನೀನೂ ಸಾಯಬೇಕಾ ಎಂದು ಮಾನಸಿ ಬೈದ ಮೇಲೆ ಬಿಟ್ಟೆ. ಆಮೇಲೆ ಅವಳು ಒಂದು ದಿನ ಸೀವುಡ್ಸಿಗೆ ಕರೆದುಕೊಂಡು ಹೋದಳು. ಎಂಟು ವರ್ಷದ ಒಂದು ಹುಡುಗಿ ಹಿತೇಶನ ಹೆಲ್ಮೆಟ್ ಹಾಕಿಕೊಂಡಿದ್ದಳು. ಅದು ಅವಳ ಕಿವಿಯವರೆಗೂ ಇಳಿದಿತ್ತು. "ದಾದಾ ನೇ ಪೆಹಲೇ ಗಿರನಾ ಸಿಖಾಯಾ," ಎಂದಳು. ಎಲ್ಲರೂ ನಿಲ್ಲುವುದನ್ನು ಕಲಿಸಿದರೆ ಇವನು ಮೊದಲು ಬೀಳುವುದನ್ನು ಕಲಿಸುತ್ತಿದ್ದನಂತೆ. ನಮ್ಮ ಮನೆಯಲ್ಲಿ ಕಾಣದ ಹಿತೇಶ ಅಲ್ಲಿದ್ದ. ಅವನನ್ನು ನಾನು ಅಲ್ಲಿಗೇ ಬಿಟ್ಟು ಬರಲಾರೆ, ಅದಕ್ಕೇ ಈ ಅಂಗಡಿ.

ಇನ್ನೊಂದು ಮಾತು. ಆ ಭಾನುವಾರ ಅವನು ಹೋಟೆಲಿಗೆ ಬಂದಿರಲಿಲ್ಲ ಎಂದು ನೀವು ಪೊಲೀಸರಿಗೆ ಹೇಳಿದಿರಿ, ನೆಂಟರಿಗೆ ಹೇಳಿದಿರಿ, ನನಗೂ ಹೇಳಿದಿರಿ. ಕೊನೆಯ ಸಲ ಕೇಳುತ್ತಿದ್ದೇನೆ. ಬಂದಿರಲಿಲ್ಲವೇ?

ಅಶ್ಮಿತಾ


ಬದಲಾಪುರ
ತಾ. 20-1-2025

ಅಶ್ಮಿತಾ,

ಸಹಿ ಹಾಕಿ ಕಳಿಸಿದ್ದೇನೆ. ನಿನ್ನ ಹಟ ನಿನಗೆ.

ಅಮ್ಮನ ಫೋಟೋ ಗೋಡೆಯಿಂದ ಇಳಿಸಬೇಡ. ದೊಡ್ಡ ಗ್ರೈಂಡರನ್ನು ಗುಜರಿಗೆ ಹಾಕಬೇಡ, ಕಲ್ಯಾಣದಲ್ಲಿ ಬಾಲಪ್ಪ ಹೊಸದಾಗಿ ಮೆಸ್ ಇಟ್ಟಿದ್ದಾನೆ, ಅವನಿಗೆ ಕೊಡು. ದೀಪಕ್ಕೆ ಬೇರೆ ಯಾರನ್ನಾದರೂ ಕರೆ. ನಾನು ಬರುವುದಿಲ್ಲ.

ಜಯಶೀಲ


ಠಾಣೆ
ತಾ. 16-2-2025

ಪಪ್ಪನಿಗೆ,

ಸಹಿ ಹಾಕಿದ್ದಕ್ಕೆ ನಿಮ್ಮ ಉಪಕಾರ ದೊಡ್ಡದು. ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಬರಲಿಲ್ಲ. ಇರಲಿ.

ಕೆಲಸ ಬಿಟ್ಟೆ. ಈ ಪತ್ರವನ್ನು ನಿಮ್ಮ ಗಲ್ಲೆಯಲ್ಲೇ ಕೂತು ಬರೆಯುತ್ತಿದ್ದೇನೆ. ಬಣ್ಣದವನು ಮೂರು ಕೋಟ್ ಹೊಡೆದರೂ ಅಡುಗೆಕೋಣೆಯ ಗೋಡೆಯಲ್ಲಿ ಎಣ್ಣೆಯ ಕಲೆ ಮತ್ತೆ ಎದ್ದು ಬರುತ್ತಿದೆ. "ಅಣ್ಣಾಚಾ ತೇಲ್ ಜಾತ್ ನಾಹೀ," ಅಣ್ಣನ ಎಣ್ಣೆ ಹೋಗುವುದೇ ಇಲ್ಲ ಎಂದು ಅವನು ನಿಮ್ಮನ್ನು ನೆನೆದು ತಲೆ ಚಚ್ಚಿಕೊಳ್ಳುತ್ತಾನೆ. ಹೊರಗಿನ ಬೋರ್ಡಿನಲ್ಲಿ ಹೋಟೆಲ್ ಎಂಬುದನ್ನು ಅಳಿಸಿ, ಸುಪ್ರಭಾ ಸ್ಕೇಟ್ಸ್ ಎಂದು ಮಾಡಿಸಿದ್ದೇವೆ. ಅಮ್ಮನ ಹೆಸರಿಗೆ ಕುಂಚ ತಾಗಿಸಲಿಲ್ಲ. ಗ್ರೈಂಡರ್ ಬಾಲಪ್ಪನಿಗೆ ಹೋಯಿತು.

ನಿನ್ನೆ ಮಧ್ಯಾಹ್ನ ಡಬ್ಬಿ ಬಿಚ್ಚಿ ಕಿಟಕಿಯ ಹತ್ತಿರದ ಟೇಬಲಿಗೆ ಕೂತೆ. ಕೂತ ಕೂಡಲೇ ಬೆನ್ನು ನೆಟ್ಟಗಾಯಿತು, ನೀವು ಎಲ್ಲಿಂದಲಾದರೂ ಗದರಿಸುತ್ತೀರಿ ಎಂದು. ಗಿರಾಕಿಯ ಕುರ್ಚಿ ಧನಿಯ ಮಕ್ಕಳಿಗಲ್ಲ. ಹೋಟೆಲಿನದು ಮಾರಲಿಕ್ಕೆ, ಮನೆಯದು ಉಣ್ಣಲಿಕ್ಕೆ ಎನ್ನುತ್ತಿದ್ದಿರಿ. ಶಾಲೆ ಬಿಟ್ಟು ಬಂದರೆ ನಾವಿಬ್ಬರೂ ಹಿಂದೆ ಅಕ್ಕಿ ಮೂಟೆಯ ಮೇಲೆ ಕೂತು, ಎದುರಿನಲ್ಲಿ ಪ್ಲೇಟುಗಟ್ಟಲೆ ದೋಸೆ ಹೋಗುತ್ತಿರುವಾಗ, ಮನೆಯಿಂದ ತಂದ ಗಂಜಿ ಉಣ್ಣುತ್ತಿದ್ದೆವು. ದೂರುತ್ತಿಲ್ಲ, ಎಲ್ಲ ಹೋಟೆಲಿನವರ ಮಕ್ಕಳೂ ಹಾಗೇ ಬೆಳೆದವರು. ನಿನ್ನೆ ಒಬ್ಬಳೇ ಕೂತು ನಕ್ಕೆ, ಆಮೇಲೆ ಅತ್ತುಬಿಟ್ಟೆ. ಬಣ್ಣದವನು ಏಣಿಯಿಂದ ಇಳಿದು ನೀರು ತಂದುಕೊಟ್ಟ.

ಪಾಡವಾ ಮಾರ್ಚ್ ಮೂವತ್ತಕ್ಕೆ, ಭಾನುವಾರ. ಬೆಳಿಗ್ಗೆ ಮೆರವಣಿಗೆ ನಮ್ಮ ರಸ್ತೆಯಲ್ಲೇ ಹೋಗುತ್ತದೆ, ಅದು ದಾಟಿದ ಮೇಲೆ ದೀಪ. ಬೇರೆ ಯಾರನ್ನೂ ಕರೆದಿಲ್ಲ.

ಅಶ್ಮಿತಾ


ಬದಲಾಪುರ
ತಾ. 12-3-2025

ಮಗಾ,

ಶಂಭು ಮೂರು ಸಲ ಬರಿಗೈಯಲ್ಲಿ ಬಂದದ್ದಕ್ಕೆ ಬೇಸರ ಮಾಡಬೇಡ. ಬರೆದೆ, ಹರಿದು ಹಾಕಿದೆ.

ಬಂದಿದ್ದ.

ಭಾನುವಾರದ ಹತ್ತು ಗಂಟೆ ಎಂದರೆ ಏನು ಎಂದು ನಿನಗೆ ಗೊತ್ತು. ದೇವಸ್ಥಾನ ಮುಗಿಸಿದವರು, ಮಾರ್ಕೆಟ್ ಮುಗಿಸಿದವರು, ಬಾಗಿಲಿನಿಂದ ರಸ್ತೆಯವರೆಗೆ ಜನ ನಿಂತಿದ್ದರು. ಅವನು ಐದಾರು ಮಕ್ಕಳನ್ನು ಕರೆದುಕೊಂಡು ಬಂದು, ಅದೇ ಕಿಟಕಿಯ ಟೇಬಲಿಗೆ ಕೂತ. ಹಲಗೆಯನ್ನು ಗೋಡೆಗೆ ಒರಗಿಸಿದ. ನನ್ನ ಕಡೆ ನೋಡಿ ನಕ್ಕ. ಹಿಂದಿನ ದಿನವಷ್ಟೇ ಮನೆಯಲ್ಲಿ ಮಾತಿಗೆ ಮಾತು ಬೆಳೆದಿತ್ತು, ಗಲ್ಲೆಯಲ್ಲಿ ಕೂರುವುದಿಲ್ಲ, ಇದೇ ನನ್ನ ಕೆಲಸ ಎಂದು ಹೇಳಿದ್ದ. ನನ್ನನ್ನು ಹಂಗಿಸಲಿಕ್ಕೇ ಬಂದಿದ್ದಾನೆ ಎಂದು ತಿಳಿದೆ.

ಗಲ್ಲೆಯಿಂದಲೇ ಕೂಗಿದೆ. "ಏಳು ಅಲ್ಲಿಂದ. ಜನ ನಿಂತದ್ದು ಕಾಣುದಿಲ್ವಾ ನಿಂಗೆ?"

"ಪಪ್ಪಾ, ಆಜ್ ಮೈ ಗಿರಾಕ್ ಹೂಂ," ಎಂದ. ಇವತ್ತು ತಾನೂ ಗಿರಾಕಿಯಂತೆ. ಕಿಸೆಯಿಂದ ಒಂದು ಐನೂರರ ನೋಟು ತೆಗೆದು ಟೇಬಲಿನ ಮೇಲಿಟ್ಟ.

ನಾನು ಇಳಿದು ಹೋದೆ. ನೋಟನ್ನು ಎತ್ತಿ ಅವನ ಅಂಗಿಯ ಕಿಸೆಗೆ ತುರುಕಿದೆ. "ನಿನ್ನ ಆಟದ ದುಡ್ಡು ನನ್ನ ಗಲ್ಲೆಗೆ ಬೇಡ. ಇಷ್ಟು ಜನರೆದುರು ಕಾಲು ಚಾಚಿ ಕೂರ್ಲಿಕ್ಕೆ ನಾಚಿಕೆ ಆಗುದಿಲ್ವಾ?" ಇಡೀ ಹೋಟೆಲ್ ಕೇಳಿಸಿಕೊಂಡಿತು. ಮಕ್ಕಳು ಕೂಡ ಎದ್ದು ನಿಂತರು. ಅವನು ಕುರ್ಚಿಗಳನ್ನೆಲ್ಲ ಟೇಬಲಿನ ಒಳಗೆ ಸರಿಯಾಗಿ ತಳ್ಳಿ, ಹಲಗೆ ತೆಗೆದುಕೊಂಡು ಹೋದ.

ಅದೇ ಟೇಬಲಿಗೆ ನಾನು ಬೇರೆ ನಾಲ್ಕು ಜನರನ್ನು ಕೂರಿಸಿದೆ. ಅವರು ತಿಂದು ಎದ್ದ ಮೇಲೆ ಬಿಲ್ಲನ್ನೂ ನಾನೇ ತೆಗೆದುಕೊಂಡೆ. ಹನ್ನೊಂದೂವರೆಯ ಮೇಲೆ ಫೋನ್ ಬಂತು.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಹೋಟೆಲಿನ ಹುಡುಗರಿಗೆ ಎಷ್ಟು ಸಲ ಬುದ್ಧಿ ಹೇಳಿದ್ದೇನೋ. ಎರಡು ವರ್ಷ ಹಲಗೆಯನ್ನು ಬೈದುಕೊಂಡು ಬದುಕಿದೆ. ಹಲಗೆ ಏನು ಮಾಡೀತು? ಆ ಬಾಗಿಲು ದಾಟಿ ಒಳಗೆ ಬಂದು ನಾನು ದೀಪ ಹಚ್ಚುವುದು ಹೇಗೆ ಹೇಳು. ಇಷ್ಟು ಓದಿದ ಮೇಲೂ ಬನ್ನಿ ಎಂದು ನೀನು ಒಂದು ಸಾಲು ಬರೆದರೆ, ಬರುತ್ತೇನೆ.

ನಿನ್ನ ಪಪ್ಪ


ಠಾಣೆ
ತಾ. 13-4-2025

ಪಪ್ಪನಿಗೆ,

ಪಾಡವಾ ಕಳೆದು ಎರಡು ವಾರವಾಯಿತು. ಅಂಗಡಿ ತೆರೆದೆವು. ದೀಪವನ್ನು ಮಾನಸಿಯ ಅಜ್ಜಿ ಹಚ್ಚಿದರು. ಮೆರವಣಿಗೆಯ ಲೇಜಿಮಿನವರು ಒಳಗೆ ಇಣುಕಿ, ಇಲ್ಲಿ ಇಡ್ಲಿ ಸಿಗುವುದಿಲ್ಲವಾ ಎಂದು ಕೇಳಿ ಹೋದರು.

"ಧನಿ ಬಿಳಿ ಅಂಗಿ ಇಸ್ತ್ರಿ ಮಾಡಿಸಿ ಇಟ್ಟಿದ್ರು ಮಾರಾಯ್ತಿ," ಎಂದು ಶಂಭಣ್ಣ ಹೇಳಿದ. "ಬೆಳಿಗ್ಗೆ ನಾನು ಸ್ಟೇಶನ್ನಿಗೆ ಹೊರಡುವಾಗ್ಲೂ, ಕಾಗದ ಏನಾದ್ರೂ ಬಂತಾ ಅಂತ ಕೇಳಿದ್ರು."

ನಾನು ಆ ಒಂದು ಸಾಲನ್ನು ಬರೆಯಲಿಲ್ಲ. ಮರೆತದ್ದಲ್ಲ, ಬೇಕೆಂದೇ ಬರೆಯಲಿಲ್ಲ.

ನನಗೆ ಗೊತ್ತಿತ್ತು ಪಪ್ಪ. ಆ ಮಕ್ಕಳ ಜೊತೆ ಅವತ್ತು ಮಾನಸಿಯೂ ಇದ್ದಳು. ನೀವು ಅವಳ ಮುಖ ನೋಡಿರಲಿಕ್ಕಿಲ್ಲ. ಮಕ್ಕಳನ್ನು ಅವಳ ಜೊತೆ ರೈಲಿಗೆ ಹತ್ತಿಸಿ, ನಾನು ಸ್ವಲ್ಪ ಸುತ್ತಿ ಬರುತ್ತೇನೆ ಎಂದು ಅವನು ಹಿಂದೆ ಉಳಿದನಂತೆ. ಅವನ ಬೊಜ್ಜದ ದಿನ, ಉತ್ತರಕ್ರಿಯೆ ಮುಗಿದು ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ಅವಳು ನನ್ನನ್ನು ಮೂಲೆಗೆ ಕರೆದು ಹೇಳಿದಳು. ಅವತ್ತು ನೀವು ಪಂಕ್ತಿಯಲ್ಲಿ ನಿಂತು ಎಲ್ಲರಿಗೂ ಒತ್ತಾಯ ಮಾಡಿ ಬಡಿಸುತ್ತಿದ್ದಿರಿ.

ಅಂದಿನಿಂದ ನೀವಾಗಿ ಹೇಳುತ್ತೀರಿ ಎಂದು ಕಾದೆ. ಹೇಳಿದ ದಿನ ನಿಮ್ಮನ್ನು ತಬ್ಬಿಕೊಂಡು ಅತ್ತುಬಿಡುತ್ತೇನೆ, ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ. ಸರಿಹೋಗಲಿಲ್ಲ. ನಿಮ್ಮ ಕೈಬರಹದಲ್ಲಿ ಓದಿದ ಮೇಲೆ ಸಿಟ್ಟು ಇನ್ನೂ ಹೆಚ್ಚಾಯಿತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ಶಾಲೆಯಲ್ಲಿ ವಿಸ್ತರಿಸಿ ಬರೆಯಲು ಕೊಟ್ಟಾಗ ನನಗೆ ಏನೂ ಹೊಳೆದಿರಲಿಲ್ಲ. ಈಗ ಕೊಟ್ಟರೆ ಪುಟಗಟ್ಟಲೆ ಬರೆಯುತ್ತೇನೆ.

ಬರಬೇಡಿ. ಯಾವತ್ತು ಬನ್ನಿ ಎನ್ನುತ್ತೇನೋ ನನಗೇ ಗೊತ್ತಿಲ್ಲ. ಬಿಪಿ ಮಾತ್ರೆ ತಪ್ಪಿಸಬೇಡಿ.

ಅಶ್ಮಿತಾ


ಬದಲಾಪುರ
ತಾ. 14-7-2025

ಮಗಳು ಅಶ್ಮಿತಾಳಿಗೆ,

ಬರಬೇಡಿ ಎಂದೆ, ಬರಲಿಲ್ಲ. ಈಗಲೂ ಅದಕ್ಕಾಗಿ ಬರೆಯುತ್ತಿಲ್ಲ. ಒಂದು ವಿಷಯ ತಿಳಿಯಬೇಕಿತ್ತು, ನಿನ್ನನ್ನು ಬಿಟ್ಟರೆ ಕೇಳಲು ನನಗೆ ಯಾರೂ ಇಲ್ಲ.

ಇನ್ನೆರಡು ದಿನಕ್ಕೆ ಆಟಿ ತಿಂಗಳು ಹುಟ್ಟುತ್ತದೆ. ಹೋದವರಿಗೆ ಎಲೆ ಹಾಕಿ ಬಡಿಸಬೇಕು. ಹೋದ ವರ್ಷ ಈ ರೂಮಿನಲ್ಲೇ ಕೋರಿ ರೊಟ್ಟಿ ಮಾಡಿಸಿ ಅವನ ಹೆಸರಿನಲ್ಲಿ ಬಡಿಸಿದೆ. ಬಡಿಸಿ, ಅವನು ಬಂದು ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು, ನಾನೂ ಶಂಭುವೂ ಹೊರಗೆ ಮೆಟ್ಟಿಲಿನ ಹತ್ತಿರ ನಿಂತೆವು. ಆಗ ಹೊಳೆಯಿತು, ಕೋರಿ ರೊಟ್ಟಿ ಇಷ್ಟ ಇದ್ದದ್ದು ನನಗೆ. ಅವರವರ ಇಷ್ಟದ್ದು ಬಡಿಸದಿದ್ದರೆ ಅವರು ಎಲೆಯ ಹತ್ತಿರ ಸುಳಿಯುವುದೇ ಇಲ್ಲ ಎಂದು ನನ್ನ ತಾಯಿ ಹೇಳುತ್ತಿದ್ದರು.

ಯಾವ ವಕೀಲರಿಗೆ ಸಕ್ಕರೆ ಕಡಿಮೆ, ಯಾವ ಮಾಸ್ತರರಿಗೆ ಚಟ್ನಿ ಹೆಚ್ಚು ಎಂದು ಬಾಗಿಲಲ್ಲಿ ಮುಖ ನೋಡಿಯೇ ಹೇಳುತ್ತಿದ್ದೆ. ಹೆತ್ತ ಮಗನಿಗೆ ಏನಿಷ್ಟ ಎಂದು ಗೊತ್ತಿಲ್ಲ. ಎಷ್ಟು ಯೋಚಿಸಿದರೂ ಅವನು ನನ್ನೆದುರು ಕೂತು ತಿಂದದ್ದೇ ನೆನಪಿಗೆ ಬರುವುದಿಲ್ಲ. ಶಂಭುವನ್ನು ಕೇಳಿದರೆ, "ಅಶ್ಮಿತಾನ ಹತ್ರವೇ ಕೇಳಿ ಧನಿ, ನನ್ನ ಬಾಯಿಂದ ಬೇಡ," ಎಂದು ಒಳಗೆ ಹೋಗುತ್ತಾನೆ.

ಇಪ್ಪತ್ತನಾಲ್ಕಕ್ಕೆ ಅಮಾವಾಸ್ಯೆ. ತಿಂಡಿಯ ಹೆಸರು ಒಂದು ಬರೆದರೆ ಸಾಕು, ಬೇರೆ ಏನೂ ಬರೆಯುವುದು ಬೇಡ.

ಪಪ್ಪ


ಠಾಣೆ
ತಾ. 19-7-2025

ಪಪ್ಪನಿಗೆ,

ಬನ್ಸ್.

ಅಷ್ಟು ಬರೆದು ಲಕೋಟೆ ಅಂಟಿಸಿದ್ದೆ. ಮತ್ತೆ ಬಿಡಿಸಿದೆ. ಶಂಭಣ್ಣ ಬಾಯಿ ಬಿಡದಿದ್ದದ್ದು, ಯಾರಿಗೂ ಹೇಳಬಾರದೆಂದು ನಾನು ಮಾನಸಿಯ ಹತ್ತಿರ ಆಣೆ ಹಾಕಿಸಿಕೊಂಡದ್ದು ಎಲ್ಲ ನಿಮ್ಮ ಮೇಲಿನ ಕನಿಕರಕ್ಕೆ. ನಿಮ್ಮ ಮೇಲೆ ಇಷ್ಟು ಸಿಟ್ಟಿದ್ದಾಗಲೂ ಈ ಒಂದನ್ನು ಹೇಳಬಾರದು ಎಂದುಕೊಂಡಿದ್ದೆ. ಆದರೆ ಎಲೆಗೆ ಬಡಿಸುವವರು ನೀವು. ಏನು ಬಡಿಸುತ್ತಿದ್ದೀರಿ ಎಂದು ನಿಮಗೆ ತಿಳಿದಿರಬೇಕು.

ಬನ್ಸ್ ಎಂದರೆ ಬೇರೆಲ್ಲಿಯದೋ ಅಲ್ಲ, ನಮ್ಮ ಹೋಟೆಲಿನದು. ನೀವು ಭಟ್ಟರಿಗೂ ಬಿಟ್ಟುಕೊಡದೆ ಕೈಯಾರೆ ಹಿಟ್ಟು ನಾದುತ್ತಿದ್ದ ಬನ್ಸ್. ಅವನು ಶಾಲೆಯಿಂದ ಬಂದರೆ ಶಂಭಣ್ಣ ಹಿಂದಿನ ಬಾಗಿಲಿನಲ್ಲಿ ಎರಡು ಬನ್ಸನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕುತ್ತಿದ್ದ. ಕಾಲೇಜಿಗೆ ಹೋದ ಮೇಲೂ ಅದು ನಡೆಯಿತು. ನಿಮಗೆ ಗೊತ್ತಾದರೆ ಶಂಭಣ್ಣನ ಕೆಲಸ ಹೋಗುತ್ತದೆ ಎಂದು ಇವನು ನನ್ನ ಬಾಯಿಯನ್ನೂ ಕಟ್ಟಿದ್ದ.

ಆ ಭಾನುವಾರ ಅವನು ನಿಮ್ಮನ್ನು ಹಂಗಿಸಲಿಕ್ಕೆ ಬರಲಿಲ್ಲ ಪಪ್ಪ. ಅವನಿಗೆ ಮೊದಲ ಸಂಬಳ ಬಂದಿತ್ತು. ನನ್ನ ಪಪ್ಪನ ಕೈಯ ಬನ್ಸ್ ತಿನ್ನಿಸುತ್ತೇನೆ ಎಂದು ವಾರಗಟ್ಟಲೆಯಿಂದ ಆ ಮಕ್ಕಳಿಗೆ ಆಸೆ ಹುಟ್ಟಿಸಿದ್ದನಂತೆ. ಕದ್ದು ತಿಂದದ್ದು ಸಾಕು, ಇವತ್ತು ಮುಂದಿನ ಬಾಗಿಲಿನಿಂದ ಹೋಗಿ ತಿನ್ನುತ್ತೇನೆ ಎಂದು ರೈಲಿನುದ್ದಕ್ಕೂ ಕುಣಿಯುತ್ತಿದ್ದನಂತೆ. ಹೋಟೆಲಿನಿಂದ ಹೊರಗೆ ಬಂದ ಮೇಲೆ ಮಕ್ಕಳು ಮುಖ ಸಣ್ಣ ಮಾಡಿಕೊಂಡಿದ್ದವು. "ಅರೇ, ಆಜ್ ರಶ್ ಹೈ ನಾ," ಎಂದು ಅವರಿಗೆ ಸಮಾಧಾನ ಹೇಳಿದನಂತೆ, "ಅಗಲೇ ಸಂಡೇ ಪಪ್ಪಾ ಖುದ್ ಪರೋಸೇಂಗೇ." ಮುಂದಿನ ಭಾನುವಾರ ಪಪ್ಪ ತಾವೇ ಬಡಿಸುತ್ತಾರೆ ಎಂದು.

ನಾನು ಬದಲಾಪುರಕ್ಕೆ ಬರುವುದಿಲ್ಲ. ನಿಮ್ಮನ್ನು ಅಂಗಡಿಗೆ ಬನ್ನಿ ಎನ್ನಲಿಕ್ಕೂ ಇನ್ನೂ ಬಾಯಿ ಬರುವುದಿಲ್ಲ. ಬನ್ಸನ್ನು ಎಲ್ಲಿಂದಲೂ ಕೊಂಡು ತರಬೇಡಿ, ಶಂಭಣ್ಣನ ಕೈಯಲ್ಲೂ ಮಾಡಿಸಬೇಡಿ. ಚೆನ್ನಾಗಿ ಕಳಿತ ಬಾಳೆಹಣ್ಣು ತಂದು, ಹಿಂದಿನ ದಿನವೇ ನೀವೇ ನಾದಿ ಇಡಿ. ಬಿಸಿಯಿದ್ದಾಗಲೇ ಬಡಿಸಿ.

ಬಡಿಸಿ ಬಾಗಿಲು ಎಳೆದುಕೊಂಡ ಮೇಲೆ ಬೇಗ ತೆರೆಯಬೇಡಿ. ಅವನು ನಿಧಾನವಾಗಿ ತಿನ್ನುತ್ತಿದ್ದ.

ಅಶ್ಮಿತಾ